ಖಡಕ್ ರೊಟ್ಟಿಯ ಬುತ್ತಿ

ಮಲ್ಲಕ್ಕ ಬುಟ್ಟಿಯ ಮೇಲಿನ ಅರಿವೆ ಎತ್ತಿ ನೋಡಿದಳು. ರೊಟ್ಟಿ ನಿನ್ನೆಗಿಂತ ಹೆಚ್ಚಾಗಿದ್ದವು. ಎಲ್ಲವೂ ಖಡಕ್ ರೊಟ್ಟಿ. ಎಳ್ಳು ಹಚ್ಚಿ, ಒಲೆಯ ದಂಡೆಗೆ ನಿಲ್ಲಿಸಿ, ಬಿಸಿಲಿಗೆ ಒಣಗಿಸಿದವು, ತಿಂಗಳಾದರೂ ಕೆಡದಂಥವು.

ಇವತ್ತು ಉಣ್ಣಲು ಯಾರೂ ಇಂಥ ರೊಟ್ಟಿ ಮಾಡುವುದಿಲ್ಲ. ದೂರದ ಊರಿಗೆ ಹೊರಟವರು ಮಾಡುತ್ತಾರೆ. ಶಲವಡಿಯಲ್ಲಿ ಇದು ಕೂಸಿಗೂ ಗೊತ್ತು.

ಅರಿವೆ ಮುಚ್ಚಿ ಅವಳು ಕಟ್ಟೆಗೆ ಬಂದು ಕುಳಿತಳು. ಮಲ್ಲಕ್ಕನ ಬಲಗೈಗೆ ಲಕ್ವಾ ಹೊಡೆದು ವರ್ಷಗಳಾಗಿದ್ದವು. ರೊಟ್ಟಿ ಬಡಿಯುವುದಿರಲಿ, ಹಿಟ್ಟು ಕಲಸಲೂ ಆಗದು. ಕಿವಿ, ಮೂಗು ಮಾತ್ರ ಚುರುಕು. ಆಚೆಯ ಊರು ಅಣ್ಣಿಗೇರಿಯಲ್ಲಿ ಸಾಸಿವೆ ಸಿಡಿದರೆ ಇಲ್ಲಿ ಸೀನುತ್ತಿದ್ದಳು. ಓಣಿಯ ಎಲ್ಲ ಮನೆಗಳೊಂದಿಗೂ ಜಗಳ ಕಾದಿದ್ದರಿಂದ, ಬೇರೆಯವರ ಒಲೆಯ ತುತ್ತು ಮುಟ್ಟುವುದಿಲ್ಲ ಎಂದು ಆಣೆ ಬೇರೆ ಹಾಕಿದ್ದಳು. ಜಗಳದ ಆಚೆಗೂ ಮಾತಾಡಿಸುತ್ತಿದ್ದವಳು ಬಾಜು ಮನೆಯ ರಾಜಮಾಬಿ ಒಬ್ಬಳೇ.

“ಎಳ್ಳಿನ ವಾಸನಿ ನಮ್ಮನಿತನಾ ಬಂತಲ್ಲ ಮಲ್ಲಕ್ಕಾ. ಕಾಶಿಗೆ ಹೊಂಟೀರೇನು?”

“ನಾ ಹಿತ್ತಲಕ್ಕ ಹೋಗಾಕ ಕೋಲು ಹುಡುಕತೇನಿ. ಹೋಗೂದು ನಾ ಅಲ್ಲ, ನನ್ನ ಸೊಸಿ.”

“ಎಲ್ಲಿಗೆ?”

“ಆಕೀನ್ನ ಕೇಳು. ನನಗ್ಯಾರು ಹೇಳ್ತಾರ?”

ಮಗ ಹೇಮಂತ ಜ್ವರ ಬಂದು ದವಾಖಾನೆಗೆ ಹೋದವನು ಹೆಣವಾಗಿ ಬಂದಿದ್ದ. ಅಂದಿನಿಂದ ಮನೆ ನಡೆದದ್ದು ಸೊಸೆ ರೋಹಿಣಿಯ ಕೂಲಿಯಲ್ಲಿ. ಅವಳ ಕೈ ಬಿಗಿ, ಆದರೆ ಅಡಿಗೆ ರುಚಿ. ಹೊಲದ ಬದುವಿನ ಹಕ್ಕರಕಿ ಸೊಪ್ಪು ತಂದು ಹಸಿದೇ ತಿನ್ನಲು ಕೊಡುವಳು. ಪುಂಡಿ ಪಲ್ಯ ಎರಡು ಹೊತ್ತಿಗೆ ಬರುವಂತೆ ನುಚ್ಚು ಹಾಕಿ ಕುದಿಸುವಳು. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಬೋಗುಣಿಗೆ ಒರೆಸುವಳು, ಅಷ್ಟೇ.

ಈಚೆಗೆ ಅವಳು ರೊಟ್ಟಿ ಮುಟ್ಟುತ್ತಿರಲಿಲ್ಲ. ಅತ್ತೆಗೂ ಮಗಳು ಅಮೃತಾಗೂ ಬಡಿಸಿ, ತಾನು ಅಂಬಲಿ ಕುಡಿದು ಏಳುತ್ತಿದ್ದಳು. ತನ್ನ ಪಾಲಿನ ರೊಟ್ಟಿ ಬುಟ್ಟಿಗೆ ಹೋಗುತ್ತಿತ್ತು. ಬಡಿಯುತ್ತ ಬಡಿಯುತ್ತ ಎದೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದಳು. ಯಾರ ನೆನಪೋ, ಎಂದುಕೊಂಡಳು ಮಲ್ಲಕ್ಕ.

ಫೋನು ಬಂದರೆ ಹಿತ್ತಲಿಗೆ ಓಟ. ಮಲ್ಲಕ್ಕನ ಕಿವಿಯೂ ಹಿಂದೆಯೇ.

“ಸೋಮವಾರ ಖರೇನ ಬರ್ತೇನ್ರಿ. ಇಲ್ರಿ, ಮನ್ಯಾಗ ಹೇಳಿಲ್ರಿ. ಹೇಳಿದ್ರ ಬಿಡೂದಿಲ್ರಿ ಅವರು.”

ಅತ್ತಲಿಂದ ಗಂಡಸಿನ ದನಿ.

ಮಲ್ಲಕ್ಕ ಅಂದು ಎರಡು ತುತ್ತಿಗಿಂತ ಹೆಚ್ಚು ಉಣ್ಣಲಿಲ್ಲ. ಸೊಸೆ ಎರಡನೆಯ ಮದುವೆಗೆ ಹೊರಟಳು. ಹೋಗುವವಳು ಹೋಗಲಿ, ಕೂಸನ್ನೂ ಕರೆದೊಯ್ದರೆ? ಈ ಲಕ್ವಾ ಹೊಡೆದ ಕೈಗೆ ಒಂದು ತುತ್ತು ಯಾರು ಇಡುತ್ತಾರೆ?

“ಯಾಕ್ರಿ ಅತ್ತಿ, ಪಲ್ಯಾ ಖಾರ ಆಗೇತೇನ್ರಿ?”

“ಪಲ್ಯಾ ಚೊಲೋ ಐತಿ. ಮಾಡಿದ ಕೈ ಎಷ್ಟ ದಿನಾ ಇರತೈತೋ ಅಂತ ನೋಡಾಕತ್ತೇನಿ.”

ರೋಹಿಣಿಯ ಮುಖ ಬಿಳಿಚಿತು. “ನಿಮಗ ಯಾರ್ ಹೇಳಿದ್ರು?”

“ಯಾರೂ ಹೇಳಬೇಕಾಗಿಲ್ಲ. ಕಣ್ಣದಾವ ನನಗ.”

ರೋಹಿಣಿ ಏನೋ ಹೇಳಲು ಬಾಯಿ ತೆರೆದಳು. ಅಮೃತಾ ನೀರು ಕೇಳಿದಳು. ಮಾತು ಅಲ್ಲಿಗೇ ನಿಂತಿತು.

ಶನಿವಾರ ರೋಹಿಣಿ ಹತ್ತಿ ಬಿಡಿಸಲು ಹೋದ ಮೇಲೆ ಓಣಿಯಲ್ಲಿ ಮೈಕು ಕೂಗಿತು. ಮಠದ ದಾಸೋಹಕ್ಕೆ ರೊಟ್ಟಿ ಕೂಡಿಸುವ ಟ್ರ್ಯಾಕ್ಟರ್. ಮನೆಮನೆಯಿಂದ ಹೆಂಗಸರು ಕೈಲಾದಷ್ಟು ರೊಟ್ಟಿ ತಂದು ಏರಿಸುತ್ತಿದ್ದರು. ಟ್ರೇಲರ್‌ನಲ್ಲಿ ರೊಟ್ಟಿಯ ಗುಡ್ಡ ಎಷ್ಟು ಎತ್ತರವಿತ್ತೆಂದರೆ, ತುದಿಯಲ್ಲಿ ಕುಳಿತಿದ್ದ ಅಂದಾನೆಪ್ಪನಿಗೆ ನವಲಗುಂದದ ಗುಡ್ಡ ಕೆಳಗೆ ಕಂಡಿರಬೇಕು.

ಮಲ್ಲಕ್ಕ ಎದ್ದಳು. ಎಡಗೈಯಿಂದ ಬುಟ್ಟಿಯನ್ನು ನೆಲದ ಮೇಲೆ ಎಳೆದು ಹೊಸ್ತಿಲಿಗೆ ತಂದಳು.

“ಅಂದಾನೆಪ್ಪಾ, ಇಳಿ. ಇದನ್ನೂ ಸುರುವು.”

“ಇಷ್ಟೂ? ಎರಡ ಕೊಡ್ರಿ ಸಾಕು, ಆಯಿ. ಎಲ್ಲಾ ಕೊಟ್ರ ನಿಮ್ಮನ್ಯಾಗ ಏನ್ ಉಣ್ತೀರಿ?”

“ಉಣ್ಣಾಕಿ ಹೊಂಟಾಳ. ನೀ ಸುರುವೋ ಮಾರಾಯಾ.”

ಅಂದಾನೆಪ್ಪ ಸುರುವಿದ. ಮೈಕಿನಲ್ಲಿ ಮಲ್ಲಕ್ಕನ ಹೆಸರು ಊರಿಗೆಲ್ಲ ಕೇಳಿತು. ಮಠಕ್ಕೆಂದು ಏರಿಸಿದ ರೊಟ್ಟಿಯನ್ನು ತಿರುಗಿ ಕೊಡಿ ಎನ್ನುವ ಬಾಯಿ ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮಲ್ಲಕ್ಕನಿಗೆ ಅದೇ ಬೇಕಿತ್ತು. ಬುತ್ತಿ ಇಲ್ಲದೆ ಹೇಗೆ ಹೋಗುತ್ತಾಳೋ ನೋಡೋಣ.

ಸಂಜೆ ರೋಹಿಣಿ ಬಂದಳು. ಬಾಗಿಲಲ್ಲೇ ಅಮೃತಾ ಹೇಳಿದಳು, “ಯವ್ವಾ, ಆಯಿ ಹೆಸರು ಮೈಕಿನ್ಯಾಗ ಬಂತು! ಎಲ್ಲಾ ರೊಟ್ಟಿ ಕೊಟ್ಲು!”

ರೋಹಿಣಿ ಬುಟ್ಟಿ ನೋಡಿದಳು. ಹಿಟ್ಟಿನ ಡಬ್ಬಿ ತೆಗೆದಳು. ತಳದಲ್ಲಿ ಒಂದು ಹಿಡಿಯೂ ಇರಲಿಲ್ಲ. ಇದ್ದ ಜೋಳವನ್ನೆಲ್ಲ ಅವಳು ಆ ರೊಟ್ಟಿಗೇ ಬೀಸಿದ್ದಳು.

“ಎಲ್ಲಾ ಕೊಟ್ಟೀರೇನ್ರಿ ಅತ್ತಿ?”

“ಕೊಟ್ಟೆ. ಪುಣ್ಯದ ಕೆಲಸ. ಇನ್ನ ಹೋಗು, ಹೆಂಗ ಹೋಗ್ತಿ ನೋಡೂಣು. ನನ್ನ ಮಗ ಸತ್ತ ಮನಿ ಬಿಟ್ಟು ಬ್ಯಾರೆ ಮನಿ ನೋಡಾಕಿ ನೀನು!”

ರೋಹಿಣಿ ಅಳಲಿಲ್ಲ, ಕೂಗಾಡಲಿಲ್ಲ. ಮಗಳನ್ನು ನೀರು ತರಲು ಕಳಿಸಿದಳು. ಈ ಸಲ ಹಿತ್ತಲಿಗೂ ಹೋಗಲಿಲ್ಲ. ಅತ್ತೆಯ ಎದುರೇ ನಿಂತು ಫೋನು ಹಚ್ಚಿದಳು.

“ಡಾಕ್ಟರ್ರ, ನಾನ್ರಿ, ಶಲವಡಿ ರೋಹಿಣಿ. ಸೋಮವಾರದ ಆಪರೇಶನ್ ಬ್ಯಾಡ್ರಿ. ಹೌದ್ರಿ, ಎದಿ ಗಂಟು ಬೆಳ್ಯಾಕತ್ತೈತಿ, ತಡಾ ಮಾಡಿದ್ರ ಉಳಿಯೂದಿಲ್ಲ ಅಂದಿದ್ರಿ, ನೆನಪೈತ್ರಿ. ಆದ್ರ ನಾ ಅಲ್ಲಿ ಮಲಗಿರೂತನಾ ನಮ್ಮತ್ತಿ, ಮಗಳು ಉಣ್ಣಲಿ ಅಂತ ಮಾಡಿಟ್ಟ ರೊಟ್ಟಿ ಮುಗದಾವ್ರಿ.”