ಹೋಮ್‌ಸ್ಟೇ ಅಲ್ಲ

ಕಂಪ್ಯೂಟರಿನಲ್ಲಿ ಜಾಹೀರಾತು ನಿಲ್ಲಿಸುವ ಗುಂಡಿಯ ಮೇಲೆ ಸ್ನೇಹಾ ಬೆರಳಿಟ್ಟಿದ್ದಳು, ಅಷ್ಟರಲ್ಲಿ ಮತ್ತೆ ಫೋನ್ ಹೊಡೆದುಕೊಂಡಿತು. ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಬಾಳ್ಳುಪೇಟೆಯ ಟ್ರಸ್ಟಿನಲ್ಲಿ ಅವಳಿಗೆ ಕೆಲಸ. ಇಂಟರ್ನೆಟ್ಟಿನಲ್ಲಿ ಹುಡುಕುವವರಿಗೆ ಕಾಣುವ ಜಾಹೀರಾತನ್ನು ಸೇವಾಸಂಸ್ಥೆಗಳಿಗೆ ಪುಕ್ಕಟೆ ಕೊಡುತ್ತಾರೆಂದು ತಿಳಿದು, ‘ಸಕಲೇಶಪುರ ಹೋಮ್ ಕೇರ್’ ಎಂದು ಅವಳೇ ಹಾಕಿಸಿದ್ದಳು. ‘ಹೋಮ್’ ಎಂಬುದನ್ನಷ್ಟೇ ನೋಡಿ ಫೋನ್ ಮಾಡಿದವರೆಲ್ಲ ಹೋಮ್‌ಸ್ಟೇ ಗಿರಾಕಿಗಳೇ. ಜಾಹೀರಾತು ಪುಕ್ಕಟೆ, ಸುಸ್ತು ಮಾತ್ರ ಸ್ವಂತದ್ದು.

“ಕೇರ್ ಅಂತ ಹಾಕಿದ್ರೆ ಊರೋರು ಕ್ಯಾರೇ ಅನ್ನಲಿಲ್ಲ, ಬೆಂಗ್ಳೂರೋರು ಕೇರಂ ಬೋರ್ಡ್ ಐತಾ ಅಂತವ್ರೆ. ನಿಲ್ಸ್‌ಬುಡು ಮಾರಾಯ್ತಿ,” ಎಂದ ಟ್ರಸ್ಟಿನ ಜೀಪು ಓಡಿಸುವ ದಯಾನಂದ.

ಸ್ನೇಹಾ ಫೋನೆತ್ತಿ, ದೊಡ್ಡ ಹೋಟೆಲಿನ ಹುಡುಗಿಯ ರಾಗವನ್ನು ಅಣಕಿಸಿದಳು. “ಸಾರಿ ಸರ್, ನಮ್ಮಲ್ಲಿ ರೂಮಿಲ್ಲ, ಕ್ಯಾಂಪ್‌ಫೈರಿಲ್ಲ, ಫಾಲ್ಸೂ ಇಲ್ಲಾ...”

ಆ ಕಡೆಯಿಂದ ಒಂದು ಮುದಿ ದನಿ. “ರೂಮು ನಮ್ಮನೇಲೇ ಐತೆ ಕಣವ್ವ, ಹೆತ್ತೂರಲ್ಲಿ. ನಮ್ಮಾಕೆ ಮಲಗ್‌ಬುಟ್ಟವ್ಳೆ. ಮಗ್ಗುಲು ತಿರುಗ್ಸೋಕೆ ನನ್ ಕೈಲಿ ಆಗ್ತಿಲ್ಲ. ಮೊಬೈಲಲ್ಲಿ ಹುಡುಕ್ದಾಗ ನಿಮ್ ನಂಬರ್ ಬಂತು. ಯಾರಾನ ಬತ್ತೀರಾ?”

ಸ್ನೇಹಾಳ ಬೆರಳು ಗುಂಡಿಯಿಂದ ಮೇಲೆದ್ದಿತು.

“ಬತ್ತೀವಿ ಕಣಜ್ಜ,” ಎಂದಳು, ತನ್ನದೇ ದನಿಯಲ್ಲಿ.