ಚೀಟಿ ಓದುವ ಮೊದಲು

"ಕೂತ್ಕೊಳ್ಳಿ" ಎಂದು ಜನೀನ್ ಎರಡನೇ ಸಲ ಹೇಳಿದರೂ ಆ ಮನುಷ್ಯ ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲೂ ಕಿಟಕಿಯೂ ಒಟ್ಟಿಗೆ ಕಾಣುವ ಕಡೆ ನಿಂತ. ಬೂದು ಸೂಟು, ಎದೆಯ ಹತ್ತಿರ ಎರಡು ಸೂಜಿತೂತು, ನಡೆದರೆ ಸದ್ದಾಗದ ಬೂಟು. ಕೈಯಲ್ಲೊಂದು ನೋಟ್‌ಬುಕ್ಕು.

ಗಲ್ಲಿಗೇರಿಸುವವನೂ ಇಷ್ಟು ಬಿಗಿಯಾಗಿ ನಿಲ್ಲಲಾರ ಎಂದುಕೊಂಡಳು ಜನೀನ್.

ಫಿಲಡೆಲ್ಫಿಯಾದ ಆ ಹಳೇ ಕಟ್ಟಡದಲ್ಲಿ ಅವಳು ಹದಿನೇಳು ವರ್ಷದಿಂದ ಒಂದು ಸಣ್ಣ ಸ್ನಾತಕೋತ್ತರ ವಿಭಾಗ ನಡೆಸುತ್ತಿದ್ದಳು. ಮ್ಯೂಸಿಯಂಗೆ ಬಂದವರಿಗೆ, ಅದರಲ್ಲೂ ಮಕ್ಕಳಿಗೆ, ನೋಡುವುದನ್ನು ಕಲಿಸುವ ಶಿಕ್ಷಕರು ಅಲ್ಲಿ ತಯಾರಾಗುತ್ತಿದ್ದರು. ಹೆಸರಿಲ್ಲದ ಕೋರ್ಸು ಎಂದು ಮೇಲಿನವರಿಗೆ ತಾತ್ಸಾರ. ಹೆಸರಿದೆಯೋ ಇಲ್ಲವೋ ತೂಗಿ ನೋಡಲು ಮಾನ್ಯತಾ ಪರಿಷತ್ತಿನ ಪರೀಕ್ಷಕರು ಇವತ್ತು ಹತ್ತು ಗಂಟೆಗೆ ಬರುವವರಿದ್ದರು. ಅವರು ಯಾರೆಂದು ಮುಂಚೆ ತಿಳಿಸುವ ಪದ್ಧತಿ ಪರಿಷತ್ತಿಗಿಲ್ಲ. ಕೋರ್ಸು ಹಗುರವೆಂದು ಅವರು ಬರೆದರೆ ಬೇಸಿಗೆಗೆ ವಿಭಾಗಕ್ಕೆ ಬೀಗ.

ಕೋಣೆಯ ಹೀಟರ್ ಕೆಟ್ಟು, ಆರಿಸಲೂ ಆಗದೆ ಸೆಖೆಯೋ ಸೆಖೆ. ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಹೆಂಗಸೊಬ್ಬಳು ಪ್ರೆಟ್ಜೆಲ್ ಎಂಬ ಉಪ್ಪುದುರಿಸಿದ ಬ್ರೆಡ್ಡು ತಿನ್ನುತ್ತ ಕೂತಿದ್ದಳು. ಕ್ಯಾನ್ವಾಸ್ ಬೂಟು, ಬಟ್ಟೆಚೀಲ. ಪ್ರವೇಶ ವಿಚಾರಿಸುವವರ ಸರದಿ ಹನ್ನೊಂದಕ್ಕೆ ಎಂದು ಜನೀನ್ ಆಗಲೇ ಹೇಳಿ ಕೂರಿಸಿದ್ದಳು.

"ಕಾಫಿ ತಗೋತೀರಾ?"

"ಚಿತ್ರ ಇರೋ ಕಡೆ ನಾನು ಕಾಫಿ ಮುಟ್ಟಲ್ಲ."

ಗೋಡೆಯ ಮೇಲಿದ್ದದ್ದು ವಿದ್ಯಾರ್ಥಿಗಳು ಗೀಚಿದ ಎರಡು ಪೆನ್ಸಿಲ್ ಚಿತ್ರ. ಕೊಬ್ಬು ನೋಡು ಇವನಿಗೆ, ಎಂದಿತು ಅವಳ ಮನಸ್ಸು.

"ನಿಮ್ಮಲ್ಲಿ ಓದಿದೋರು ಎಷ್ಟು ಜನ ದೊಡ್ಡ ಮ್ಯೂಸಿಯಂ ನಿರ್ದೇಶಕರಾಗಿದಾರೆ?"

"ಒಬ್ಬರೂ ಇಲ್ಲ."

"ರ‍್ಯಾಂಕಿಂಗ್ ಪಟ್ಟಿ ಪೂರ್ತಿ ಹುಡುಕಿದೆ. ನಿಮ್ಮ ಹೆಸರು ಸಿಗಲಿಲ್ಲ."

"ಪಟ್ಟಿ ಮಾಡೋರು ಯಾವತ್ತಾದ್ರೂ ಮೂರನೇ ಕ್ಲಾಸಿನ ಮೂವತ್ತು ಮಕ್ಕಳನ್ನ ಗ್ಯಾಲರಿಗೆ ಕರಕೊಂಡು ಹೋಗಿದಾರಾ? ಮೊದಲು ಅದನ್ನ ಕೇಳಿ."

ಅವನು ಬರೆದುಕೊಂಡ. ಗಡಿಯಾರ ನೋಡಿದ. ನೋಡಿ, ಎದುರು ಗೋಡೆಗೆ ಹೋಗಿ ನಿಂತ.

"ನಿಮ್ಮಲ್ಲಿ ಓದಿದ ಹುಡುಗಿ ಒಬ್ಬಳು ಮಕ್ಕಳಿಗೆ ಪಾಠ ಮಾಡೋದು ನೋಡಿದೀನಿ. ಒಂದೇ ಚಿತ್ರದ ಮುಂದೆ ನಲವತ್ತು ನಿಮಿಷ. ಬೇರೆ ಕಡೆ ಕಲಿತೋರು ಅಷ್ಟರಲ್ಲಿ ಹನ್ನೆರಡು ಮುಗಿಸ್ತಾರೆ."

ಜನೀನ್‌ಗೆ ರೇಗಿತು. ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ ಸವಿಮಾತೆಲ್ಲ ಮರೆತೇ ಹೋಯಿತು.

"ಮುಗಿಸ್ಲಿ. ಅದೇನು ಪಾತ್ರೆ ತೊಳೆಯೋ ಕೆಲಸಾನಾ, ಬೇಗ ಮುಗಿಸೋಕೆ? ಇಲ್ಲಿ ಕಲಿಸೋದು ಎರಡೇ ಪ್ರಶ್ನೆ. ಏನು ಕಾಣ್ತಿದೆ? ಯಾಕೆ ಹಾಗನ್ನಿಸ್ತು? ಚಿತ್ರದ ಪಕ್ಕ ಅಂಟಿಸಿರೋ ವಿವರದ ಚೀಟಿ ಆಮೇಲೆ ಓದು, ಮೊದಲು ನೋಡು. ಇಷ್ಟೇ. ಇದಕ್ಕೆ ಹೆಸರು ಬರಲ್ಲ ಅಂತ ನಂಗೂ ಗೊತ್ತು. ನಿಮಗೆ ಹಗುರ ಅನ್ನಿಸಿದ್ರೆ ಹಾಗೇ ಬರ್ಕೊಳ್ಳಿ ಸ್ವಾಮಿ. ಬೀಗ ಹಾಕಿದ್ರೆ ಹೊರಗೆ ಮೆಟ್ಟಿಲ ಮೇಲೆ ಪಾಠ ಮಾಡ್ತೀನಿ. ಯಾರ ಕಾಲೂ ಹಿಡಿಯೋಳಲ್ಲ ನಾನು."

ಅವನು ನೋಟ್‌ಬುಕ್ಕು ಮುಚ್ಚಿದ.

"ಕೊನೇದೊಂದು. ಐವತ್ತೆಂಟು ವಯಸ್ಸಿನೋರನ್ನ ತಗೋತೀರಾ?"

"ಏನಕ್ಕೆ?"

"ಓದೋದಕ್ಕೆ." ಜೇಬಿನಿಂದ ನಾಲ್ಕಾಗಿ ಮಡಿಸಿದ ಅರ್ಜಿ ತೆಗೆದ. "ವೆಂಡೆಲ್ ಟ್ರಾಟರ್. ನದಿ ಪಕ್ಕದ ಮ್ಯೂಸಿಯಂ ಕಾವಲುಗಾರ, ಮೂರನೇ ಮಹಡಿ. ಹನ್ನೊಂದಕ್ಕೆ ಬರೋಕೆ ಹೇಳಿದ್ರು. ಡ್ಯೂಟಿ ಅಭ್ಯಾಸ, ಮುಂಚೇನೇ ಬಂದೆ. ನೀವೇ ಒಳಗೆ ಕರೆದ್ರಿ. ಆ ನಲವತ್ತು ನಿಮಿಷದ ಚಿತ್ರ ಇದೆಯಲ್ಲ ಮೇಡಂ, ಅದರ ಪಕ್ಕ ಇಪ್ಪತ್ತಾರು ವರ್ಷದಿಂದ ನಿಂತಿದೀನಿ. ಆ ಹುಡುಗಿ ಬಂದ ದಿನವೇ ನಾನು ಅದನ್ನ ಮೊದಲು ನೋಡಿದ್ದು."

ಸೂಜಿತೂತು ಕಾವಲುಗಾರರ ಬಿಲ್ಲೆಯದು. ಜನೀನ್‌ಗೆ ಈಗ ಹೊಳೆಯಿತು. ಸೂಟು ಕಂಡಿದ್ದಳು, ಪರೀಕ್ಷಕ ಎಂದು ತೀರ್ಮಾನಿಸಿದ್ದಳು. ಯಾಕೆ ಹಾಗನ್ನಿಸಿತು ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ. ಊರಿಗೆಲ್ಲ ಅದನ್ನೇ ಕಲಿಸಿದವಳು. ನಾಚಿಕೆಯಿಂದ ಮುಖ ಬಿಸಿಯಾಯಿತು. ಅದರ ಹಿಂದೆಯೇ ಹೆದರಿಕೆ ಬಂತು. ಹತ್ತೂವರೆ ದಾಟಿದೆ. ಹಾಗಾದರೆ ಪರೀಕ್ಷಕರೆಲ್ಲಿ?

ಬೆಂಚಿನ ಹೆಂಗಸು ಬಾಗಿಲಿಗೆ ಬಂದು ನಿಂತಿದ್ದಳು. ಬಟ್ಟೆಚೀಲದಿಂದ ಪರಿಷತ್ತಿನ ಮೊಹರಿನ ಕಡತ ಹೊರಗೆ ಬಂದಿತ್ತು.

"ಎಲ್ಲಾ ಕಡೆಯೋರ ಪಾಠಾನೂ ಇಪ್ಪತ್ತಾರು ವರ್ಷ ನಿಂತು ಕೇಳಿದೋರು ಅರ್ಜಿ ಹಿಡ್ಕೊಂಡು ಇಲ್ಲಿಗೇ ಬಂದಿದಾರೆ" ಎಂದಳು, ಪ್ರೆಟ್ಜೆಲ್ಲಿನ ಉಪ್ಪು ಕೊಡವಿಕೊಳ್ಳುತ್ತ. "ಒಂದು ದಿನಕ್ಕೆ ಬಂದ ನಾನು ಇನ್ನೇನು ತೂಗಲಿ?"