ಬೀಗರ ಹಾಡು

“ಹಾಡಲ್ಲಿ ಏನಿದೆ ಅಂತ ಬಾಯ್ಬಿಟ್ಟು ಹೇಳಮ್ಮ” ಎಂದು ಹೆಡ್ ಕಾನ್‌ಸ್ಟೇಬಲ್ ಮುನಿಯಣ್ಣ ಮೂರನೇ ಸಲ ಕೇಳಿದಾಗ, ಸ್ಫೂರ್ತಿಯ ತಲೆಯ ಮೇಲಿನ ಕೆಂಪು ಜುಟ್ಟೂ ಕೊಂಚ ಬಾಗಿದ ಹಾಗಾಯಿತು. ಹಗಲು ಪೀಣ್ಯದ ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡುವ ಹುಡುಗಿ ಅವಳು. ಸಂಜೆಯಾದರೆ ನಾಗಸಂದ್ರದ ಈ ಹಳೆಯ ದನದ ಕೊಟ್ಟಿಗೆಯಲ್ಲಿ ಗಿಟಾರ್ ಹಿಡಿದು, ಪಂಕ್ ಎಂಬ ಅಬ್ಬರದ ಧಾಟಿಯಲ್ಲಿ ಹಾಡಿ ಸರ್ಕಾರದ ಅಳತೆ ತೆಗೆಯುತ್ತಿದ್ದಳು. ಸರ್ಕಾರವನ್ನು ಆಡಿಕೊಂಡು ಹಾಡಿದರೆ ಜೈಲು ಎಂಬ ಕಾನೂನು ಬಂದ ವಾರವೇ ವೇದಿಕೆ ಹತ್ತಿ “ತಾಕತ್ತಿದ್ರೆ ಹಿಡ್ಕೊಂಡ್ ಹೋಗ್ರೋ!” ಎಂದು ಕೂಗಿದ್ದಳು. ಈಗ ಹಿಡಿಯಲು ಬಂದವನು ಎದುರಿಗೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ.

“ಮೇಲಿಂದ ವಿಡಿಯೋ ಕಳ್ಸಿದಾರೆ. ಸ್ಟೇಷನ್ನಲ್ಲಿ ಎಂಟು ಜನ ಕೂತು ಕೇಳಿದ್ವಿ ಕಣಮ್ಮ, ತಲೆನೋವು ಬಂತೇ ಹೊರತು ಒಂದಕ್ಷರ ತಿಳೀಲಿಲ್ಲ. ಮಾತು ಸಿಕ್ಕಿದ್ರೆ ತಾನೇ ಕೇಸು?”

“ಮಾತೇ ಇಲ್ಲ ಸಾರ್. ಪಂಕ್ ಅಂದ್ರೆ ಬರೀ ಕಿರುಚೋದು.”

ಹೇಳಿದ ಮರುಗಳಿಗೆಯೇ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆರು ತಿಂಗಳು ನಿದ್ದೆಗೆಟ್ಟು ಕಟ್ಟಿದ ಹಾಡು ಅದು. ಆದರೆ ಮಾತು ಸಿಕ್ಕರೆ ಗಿಟಾರ್ ಸ್ಟೇಷನ್ನಿಗೆ, ಅವಳು ಜೈಲಿಗೆ. ಮುನಿಯಣ್ಣ ‘ಬರೀ ಕಿರುಚಾಟ’ ಎಂದು ಬರೆದುಕೊಂಡು, ಇದಕ್ಕೊಬ್ಬರು ಸಾಕ್ಷಿ ಬೇಕಲ್ಲ ಎಂದು ಅತ್ತಿತ್ತ ನೋಡಿದ. ಬಾಗಿಲಲ್ಲಿ ಕೊಟ್ಟಿಗೆಯ ಒಡತಿ ವೆಂಕಟಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ ಕೂತಿದ್ದಳು. ಸ್ಫೂರ್ತಿಗೆ ಹೋದ ಜೀವ ಬಂದಂತಾಯಿತು. ‘ನಿನ್ನ ಗಲಾಟೆಗೆ ಎಮ್ಮೆ ಹಾಲು ಇಳಿಸಲ್ಲ’ ಎಂದು ದಿನಾ ಬೈಯುವ ಮುದುಕಿ; ಇವಳಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ?

“ಅಜ್ಜಿ, ಈ ಹುಡುಗಿ ಹಾಡೋದು ನಿಮಗೇನಾದ್ರೂ ಅರ್ಥ ಆಗುತ್ತಾ?” ಎಂದ ಮುನಿಯಣ್ಣ.

“ಯಾಕಾಗಕಿಲ್ಲ? ಆರು ತಿಂಗಳಿಂದ ದಿನಾ ಕೇಳ್ತಾ ಇವ್ನಿ” ಎಂದ ವೆಂಕಟಮ್ಮ, ಸೆರಗು ಸರಿಮಾಡಿಕೊಂಡು, ಸೋಬಾನೆಯ ರಾಗದಲ್ಲಿ ಒಂದೊಂದೇ ಪದ ಬಿಡಿಸಿ ಹಾಡಿಯೇಬಿಟ್ಟಳು:

“ನೋಡಿದ್ರೆ ತಪ್ಪಂತಾನೆ, ನಕ್ಕರೂ ತಪ್ಪಂತಾನೆ,
ಎಲ್ಲಾನೂ ತಾನೇ ಉಂಡು ನಮ್ಮೆಲೆ ಎಣಿಸ್ತಾನೆ,
ಕನ್ನಡಿ ಕಂಡ್ರೆ ಒಡೀತಾನೆ, ಸೋ…
ಸಾಕಿಳಿಯೋ ಅಣ್ಣಯ್ಯ, ಕುರ್ಚಿ ಬಿಟ್ಟಿಳಿಯೋ…”

ಈ ಮುದುಕಿಯ ಬಾಯಲ್ಲಿ ತನ್ನ ಹಾಡು ಇಷ್ಟು ಸ್ಪಷ್ಟವಾಗಿ, ಇಷ್ಟು ಸೊಗಸಾಗಿ ಕೇಳುತ್ತದೆಂದು ಸ್ಫೂರ್ತಿ ಕನಸಲ್ಲೂ ಎಣಿಸಿರಲಿಲ್ಲ. ಮುನಿಯಣ್ಣನ ಪೆನ್ನು ಕಾಗದದ ಮೇಲೆ ಓಡಿ ನಿಂತಿತು.

“ಇದು… ಯಾರನ್ನ ಬೈದಿರೋದು ಅಜ್ಜಿ?”

“ಇನ್ಯಾರ್ನ? ಬೀಗರ್ನ. ನಿನ್ ಮದ್ವೇಲಿ ನಿಂಗೆ ಯಾರೂ ಆಡ್ಲಿಲ್ವೇನಪ್ಪ?”

ಮುನಿಯಣ್ಣನ ಮುಖ ಅರಳಿತು. ಹೊಸಕೋಟೆ ಕಡೆಯವನು, ಅವನ ಮದುವೆಯಲ್ಲಿ ಹೆಣ್ಣಿನ ಕಡೆಯವರು ಅವನ ಅಪ್ಪನ ಬೊಕ್ಕತಲೆಯ ಮೇಲೆ ಅರ್ಧ ಗಂಟೆ ಹಾಡಿದ್ದರು, ಅಪ್ಪ ಹಲ್ಲು ಕಿರಿದುಕೊಂಡು ಕೂತಿದ್ದ. ಬೀಗರ ಹಾಡಿಗೆ ಯಾರೂ ಮುನಿಸಿಕೊಳ್ಳುವ ಹಾಗಿಲ್ಲವಲ್ಲ! “ಇದಕ್ಕೆ ಕೇಸ್ ಹಾಕಿದ್ರೆ ನಮ್ಮೂರಲ್ಲಿ ನನ್ನ ಒಳಗೇ ಸೇರ್ಸಲ್ಲ” ಎಂದು ನಕ್ಕು, ಹೊಸ ಹಾಳೆಯಲ್ಲಿ ಬರೆದು ಗಟ್ಟಿಯಾಗಿ ಓದಿದ: “ಸದರಿ ಹಾಡು ಮದುವೆಗಳಲ್ಲಿ ಬೀಗರನ್ನು ಜರಿಯುವ ಸಂಪ್ರದಾಯದ ಹಾಡಾಗಿದ್ದು, ಕಟ್ಟಿದವರು ಯಾರೆಂದು ತಿಳಿದುಬಂದಿರುವುದಿಲ್ಲ.” ಹಾಳೆಯನ್ನು ಅವಳತ್ತ ಚಾಚಿದ: “ತಗೋಳಮ್ಮ, ಸೈನ್ ಹಾಕು.”

ಸ್ಫೂರ್ತಿಗೆ ಉರಿದುಹೋಯಿತು. ದೇಶದ್ರೋಹಿ ಅಂದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ, ಸಂಪ್ರದಾಯ ಅಂದುಬಿಟ್ಟರಲ್ಲ! “ಸಾರ್, ಅದು ನಾನೇ…” ಎಂದು ಬಾಯಿ ತೆರೆದಳು. ವೆಂಕಟಮ್ಮ ಎದ್ದು ಬಂದು ಅವಳ ತೋಳನ್ನು ಚಿವುಟಿದ ರಭಸಕ್ಕೆ ಮುಂದಿನ ಮಾತು “ಅಮ್ಮಾ” ಎಂದಾಯಿತು. ಸ್ಫೂರ್ತಿ ಸಹಿ ಹಾಕಿದಳು. ಮುನಿಯಣ್ಣ ಬೈಕ್ ಏರಿ, ಅದೇ ರಾಗವನ್ನು ಗುನುಗುತ್ತ ಹೊರಟುಹೋದ.

“ಅಜ್ಜಿ, ಅದು ಬೀಗರ ಮೇಲಲ್ಲ!” ಸ್ಫೂರ್ತಿಗೆ ಅಳುವೇ ಬಂದಿತ್ತು. “ಅದು ಯಾರ ಮೇಲೆ ಅಂದ್ರೆ…”

“ಗೊತ್ತು ಸುಮ್ಕಿರವ್ವ. ಬರೀ ಕಿರುಚಾಟ ಅಂದ್ಯಲ್ಲ, ಅದಕ್ಕೇ ನಂಗೆ ಸಿಟ್ಟು ಬಂತು. ಅಷ್ಟು ಚೆಂದಾಗಿ ಕಟ್ಟಿದೀಯ, ಬಿಡಿಸಿ ಆಡಕ್ಕೇನ್ ಬಂದಿತ್ತು ನಿಂಗೆ?” ವೆಂಕಟಮ್ಮ ಮತ್ತೆ ಮೊರದ ಮುಂದೆ ಕೂತಳು. “ಭಾನುವಾರ ನಮ್ ಮೊಮ್ಮಗಳು ವನಜನ ಮದ್ವೆ. ಆ ಜುಟ್ಟು ಮುಚ್ಚಂಗೆ ಸೆರಗು ಹೊದ್ಕಂಡು ಬಾ. ಹೆಂಗಸ್ರೆಲ್ಲಾ ಕಲ್ತವ್ರೆ, ನೀನು ಜೊತೆಗೆ ದನಿ ಕೂಡಿಸು ಸಾಕು.”

“ಮದುವೇಲಿ ಈ ಹಾಡಾ? ಯಾರು ಕೇಳ್ತಾರೆ ಅಜ್ಜಿ?”

ವೆಂಕಟಮ್ಮ ಒಂದು ಕಾಯಿ ಬಿಡಿಸಿ, ಕಾಳನ್ನು ಮೊರಕ್ಕೆ ಉದುರಿಸಿದಳು.

“ಗಂಡಿನ ಕಡೆಯಿಂದ ಮಂತ್ರಿ ಬತ್ತಾವ್ನೆ. ನಮ್ಮೆದುರಿಗೇ ದೊಡ್ಡ ಕುರ್ಚಿ ಹಾಕಾಕೆ ಹೇಳಿವ್ನಿ.”